ಶಾಮಿಯಾನದ ದುಡ್ಡು ವಕೀಲರ ಖಾತೆಯಿಂದ ಹೋದಾಗ

ಈಚೆಗೆ ಒಂದು ಸಂಜೆ ಮಲ್ಲೇಶ್ವರದ ನನ್ನ ಆಫೀಸಿಗೆ ಕಿರಿಯ ವಕೀಲರೊಬ್ಬರು ಬಂದರು. ವಿಧಾನಸಭೆ ಚುನಾವಣೆಯಲ್ಲಿ ಬೆಂಗಳೂರಿನ ಅಭ್ಯರ್ಥಿಯೊಬ್ಬರ ಕಾನೂನು ಕೆಲಸ ನೋಡಿಕೊಂಡವರು. ಕೈಯಲ್ಲಿ ಪೊಲೀಸ್ ನೋಟಿಸ್. ಕೂರುವ ಮೊದಲೇ ಕೇಳಿದರು: "ಸರ್, ನಾನು ವಕೀಲ ಅಲ್ವಾ? ಕಕ್ಷಿದಾರರ ವಿಷಯ ನನ್ನನ್ನ ಕೇಳೋ ಹಾಗಿಲ್ಲ ಅಲ್ವಾ?" (ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.)

ಫೋನ್ ತೆಗೆಸಿ ವಾಟ್ಸಾಪ್ ನೋಡಿದೆ. ಅಭ್ಯರ್ಥಿಯ ಕಡೆಯಿಂದ ಬಂದ ಸಂದೇಶ: "ಸರ್, ಶಾಮಿಯಾನದವರಿಗೆ ನೀವೇ ಹಾಕ್ಬಿಡಿ, ನಾಳೆ ಕೊಡ್ತೀವಿ." ಕೆಳಗೆ ಗೂಗಲ್ ಪೇ ರಸೀದಿ. ಆಮೇಲೆ ಊಟದವರಿಗೆ, ಆಟೊ ಮೈಕಿನವರಿಗೆ. ಎಲ್ಲವೂ ಅವರ ಸ್ವಂತ ಖಾತೆಯಿಂದ ಹೋಗಿತ್ತು.

ಅಭ್ಯರ್ಥಿಯ ಖರ್ಚಿನ ಪುಸ್ತಕದಲ್ಲಿ ಮೂರು ಬಣ್ಣದ ಹಾಳೆಗಳಿರುತ್ತವೆ. ಬಿಳಿ ಹಾಳೆಯಲ್ಲಿ ದಿನದ ಖರ್ಚು, ಗುಲಾಬಿಯಲ್ಲಿ ನಗದು, ಹಳದಿಯಲ್ಲಿ ಬ್ಯಾಂಕ್ ಲೆಕ್ಕ. ವಿಧಾನಸಭೆಗೆ ಮಿತಿ 40 ಲಕ್ಷ ರೂಪಾಯಿ. ಚುನಾವಣೆಗೆಂದೇ ಬೇರೆ ಖಾತೆ ತೆರೆಯಬೇಕು. ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಕೊಡಬೇಕು. ಈ ಶಾಮಿಯಾನ ಮೂರು ಬಣ್ಣದಲ್ಲಿ ಯಾವುದರಲ್ಲೂ ಇರಲಿಲ್ಲ. ಅಭ್ಯರ್ಥಿ ಒಪ್ಪಿ ಮಾಡಿಸಿದ ಖರ್ಚು ಯಾರ ಜೇಬಿನಿಂದ ಹೋದರೂ ಅಭ್ಯರ್ಥಿಯ ಖರ್ಚೇ. ಅದನ್ನು ಬಿಟ್ಟರೆ ಲೆಕ್ಕವೇ ಸುಳ್ಳಾಗುತ್ತದೆ.

ಇನ್ನು ಅವರ ಪ್ರಶ್ನೆ. ಕಕ್ಷಿದಾರರು ನಮ್ಮ ಹತ್ತಿರ ಹೇಳಿದ್ದನ್ನು ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ಕಾಪಾಡುತ್ತದೆ. 2025ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಗಟ್ಟಿ ಮಾಡಿತು. ಕಕ್ಷಿದಾರರ ವಿವರ ತಿಳಿಯಲು ತನಿಖಾಧಿಕಾರಿ ಸುಮ್ನೆ ವಕೀಲರನ್ನು ಕರೆಸುವಂತಿಲ್ಲ. 132ರಲ್ಲೇ ಇರುವ ವಿನಾಯಿತಿ ಅನ್ವಯಿಸಿದರೆ ಮಾತ್ರ ಕರೆಯಬಹುದು, ಅದಕ್ಕೂ ಎಸ್‌ಪಿ ದರ್ಜೆಗಿಂತ ಕೆಳಗಿಲ್ಲದ ಅಧಿಕಾರಿಯ ಒಪ್ಪಿಗೆ ಬೇಕು. ಈ ತೀರ್ಪು ಬಂದ ದಿನ ನನಗೆ ನಿಜವಾಗಿಯೂ ಸಮಾಧಾನವಾಗಿತ್ತು. ವಕೀಲರ ಮುಂದೆ ಬಾಯಿಬಿಡಲು ಜನ ಹೆದರಿದರೆ ನಮ್ಮ ವೃತ್ತಿಗೆ ಅರ್ಥವೇ ಇಲ್ಲ.

ಆದರೆ ಈ ರಕ್ಷಣೆ ಇರುವುದು ಮಾತಿಗೆ, ಸಲಹೆಗೆ. ಕಾನೂನುಬಾಹಿರ ಕೆಲಸಕ್ಕೆಂದೇ ಆಡಿದ ಮಾತಿಗೆ ಇಲ್ಲ. ವಕೀಲರು ತಾವೇ ಕಳಿಸಿದ ದುಡ್ಡಿಗಂತೂ ಇಲ್ಲವೇ ಇಲ್ಲ. ಅಮೆರಿಕದಲ್ಲಿ ಟ್ರಂಪ್ ಅವರ ವಕೀಲ ಮೈಕೆಲ್ ಕೋಹೆನ್ 2016ರ ಚುನಾವಣೆಗೆ ಮುಂಚೆ ಒಬ್ಬ ಮಹಿಳೆ ಸುಮ್ಮನಿರಲೆಂದು ತಾನೇ 1,30,000 ಡಾಲರ್ ಕೊಟ್ಟರು. 2018ರಲ್ಲಿ ಚುನಾವಣಾ ಹಣದ ಅಪರಾಧವೂ ಸೇರಿ ಹಲವು ತಪ್ಪು ಒಪ್ಪಿಕೊಂಡರು. ಮೂರು ವರ್ಷದ ಶಿಕ್ಷೆಯಾಯಿತು. ಮೊತ್ತ ಬೇರೆ, ದೇಶ ಬೇರೆ. ತಮ್ಮ ಕೈಯಿಂದ ದುಡ್ಡು ಕೊಟ್ಟಿದ್ದು ಮಾತ್ರ ಇಲ್ಲೂ ವಕೀಲರೇ.

ಅವತ್ತು ರಾತ್ರಿ ಒಂಬತ್ತರವರೆಗೂ ಇಬ್ಬರೂ ಕೂತು ಸಂದೇಶಗಳನ್ನು ಬೇರೆ ಮಾಡಿದೆವು. ನಾಮಪತ್ರ, ಆಕ್ಷೇಪಣೆ, ನೀತಿಸಂಹಿತೆಯ ಬಗ್ಗೆ ಕೊಟ್ಟ ಸಲಹೆ ಒಂದು ಕಡೆ. ಅದು ಕಕ್ಷಿದಾರರ ಸ್ವತ್ತು, ಅವರು ಒಪ್ಪದೆ ಕೊಡುವಂತಿಲ್ಲ. ದುಡ್ಡಿನ ವಿಷಯ ಇನ್ನೊಂದು ಕಡೆ. ಒಂದನ್ನೂ ಅಳಿಸಬೇಡಿ ಎಂದು ಮೂರು ಸಲ ಹೇಳಿದೆ. ಅಳಿಸಿದರೆ ಸಾಕ್ಷ್ಯ ನಾಶದ ಕೇಸು ಬೇರೆ ಬೀಳುತ್ತದೆ. ನೋಟಿಸಿಗೆ ಲಿಖಿತ ಉತ್ತರ ಬರೆದೆವು.

ಕೊನೆಗೆ ಕಷ್ಟದ ಮಾತು ಬಂತು. ಚುನಾವಣೆಯನ್ನು ಕೋರ್ಟಿನಲ್ಲಿ ಪ್ರಶ್ನಿಸುವ ಚುನಾವಣಾ ತಕರಾರು ಅರ್ಜಿಯಲ್ಲೂ ಅದೇ ಅಭ್ಯರ್ಥಿಗೆ ಇವರೇ ವಕೀಲರು. ಸಾಕ್ಷಿಯಾಗಬೇಕಾಗಬಹುದು ಅಂತ ಗೊತ್ತಿದ್ದ ಮೇಲೆ ಆ ಕೇಸು ನಡೆಸಬಾರದು ಎನ್ನುತ್ತದೆ ಬಾರ್ ಕೌನ್ಸಿಲ್ ನಿಯಮ. "ನನ್ನ ಮೊದಲ ದೊಡ್ಡ ಕೇಸು ಸರ್" ಎಂದರು. ಕಣ್ಣು ತುಂಬಿತ್ತು. ಮರುದಿನ ಅಠಾರಾ ಕಚೇರಿಯಲ್ಲಿ, ಅಂದರೆ ನಮ್ಮ ಹೈಕೋರ್ಟಿನಲ್ಲಿ, ವಕಾಲತ್ತಿನಿಂದ ಹಿಂದೆ ಸರಿಯುವ ಮೆಮೊ ಹಾಕುವಾಗ ನಾನೂ ಅವರ ಪಕ್ಕದಲ್ಲೇ ನಿಂತಿದ್ದೆ.