ಮ್ವಾಲಿಮು: ಅದು ಹೆಸರಲ್ಲ

'ಜೂಲಿಯಸ್ ಮ್ವಾಲಿಮು ನ್ಯೆರೆರೆ' ಎಂದು ಬರೆದದ್ದನ್ನು ಈ ತಿಂಗಳಲ್ಲೇ ಮೂರನೆಯ ಸಲ ಓದಿದೆ. ಒಂದು ಕಡೆಯಂತೂ ಆ ಪದಕ್ಕೆ 'ರಾಷ್ಟ್ರಪಿತ' ಎಂಬ ಅರ್ಥವನ್ನೂ ಕೊಟ್ಟಿದ್ದರು. ಎರಡೂ ತಪ್ಪು. ತಾಂಜಾನಿಯದ ಮೊದಲ ಅಧ್ಯಕ್ಷರ ಪೂರ್ತಿ ಹೆಸರು ಜೂಲಿಯಸ್ ಕಂಬರಾಗೆ ನ್ಯೆರೆರೆ. ರಾಷ್ಟ್ರಪಿತ ಎನ್ನಲು ಅಲ್ಲಿನ ಭಾಷೆಯಾದ ಸ್ವಾಹಿಲಿಯಲ್ಲಿ 'ಬಾಬಾ ವಾ ತೈಫಾ' ಎಂಬ ಬೇರೆ ಮಾತೇ ಇದೆ, ಅದನ್ನೂ ಅವರಿಗೆ ಬಳಸುತ್ತಾರೆ. ಮ್ವಾಲಿಮು ಎಂದರೆ ಮೇಷ್ಟ್ರು, ಅಷ್ಟೇ. ಹಳ್ಳಿ ಶಾಲೆಯಲ್ಲಿ ಮಗ್ಗಿ ಹೇಳಿಕೊಡುವವರೂ ಅಲ್ಲಿ ಮ್ವಾಲಿಮುವೇ. ಅದನ್ನು ಆಚಾರ್ಯ, ಗುರುವರ್ಯ ಎಂದು ಎತ್ತರಕ್ಕೇರಿಸಿದರೆ ಅದರಲ್ಲಿರುವ ಸಲಿಗೆಯೇ ಹೋಗುತ್ತದೆ.

ಪದದ ಮೂಲ ಅರಬ್ಬಿಯ 'ಮುಅಲ್ಲಿಮ್', ಕಲಿಸುವವನು. ಗರಡಿಯಲ್ಲೂ ನಾಟಕದ ಮನೆಯಲ್ಲೂ ನಾವು ಆಡುವ 'ತಾಲೀಮು' ಹುಟ್ಟಿದ್ದು ಇದೇ ಧಾತುವಿನಿಂದ. ಅರಬ್ಬಿಯಲ್ಲಿ ಅದಕ್ಕೆ ಕಲಿಸುವಿಕೆ ಎಂದರ್ಥ. ಸ್ವಾಹಿಲಿಗೆ ಬಂದ ಮೇಲೆ ಪದಕ್ಕೆ ಒಂದು ಸೊಗಸಾದ ತಿರುವು ಸಿಕ್ಕಿತು. ಆ ಭಾಷೆಯಲ್ಲಿ ಮನುಷ್ಯವಾಚಕಗಳು ಏಕವಚನದಲ್ಲಿ 'ಮ', ಬಹುವಚನದಲ್ಲಿ 'ವಾ' ಹೊತ್ತು ಬರುತ್ತವೆ: ಮ್ತೋತೊ ಒಂದು ಮಗು, ವಾತೋತೊ ಮಕ್ಕಳು. ಅರಬ್ಬಿಯ 'ಮು' ಕೂಡ ಅಂಥದ್ದೇ ಒಂದು ಪ್ರತ್ಯಯವೆಂಬಂತೆ ಹೊಂದಿಕೊಂಡಿತು. ಹಾಗಾಗಿ ಒಬ್ಬರು ಮ್ವಾಲಿಮು, ಹಲವರು ವಾಲಿಮು. ಎರವಲು ಪದವೊಂದು ಮನೆಮಗುವಾದದ್ದು ಹೀಗೆ.

ನ್ಯೆರೆರೆಗೆ ಈ ಪದ ಅಂಟಿದ್ದು ಅವರು ನಿಜಕ್ಕೂ ಪಾಠ ಹೇಳಿದ್ದರಿಂದ. 1922ರಲ್ಲಿ ಬುತಿಯಾಮಾದಲ್ಲಿ ಜನಾಕಿ ಜನರ ಮುಖಂಡನ ಮಗನಾಗಿ ಹುಟ್ಟಿದವರು ಉಗಾಂಡಾದ ಮಕೆರೆರೆ ಕಾಲೇಜಿನಲ್ಲಿ ಶಿಕ್ಷಕ ತರಬೇತಿ ಪಡೆದು ತಮ್ಮ ದೇಶದ ತಬೋರಾದಲ್ಲಿ ಕಲಿಸಿದರು. ಎಡಿನ್‌ಬರೋದಲ್ಲಿ ಓದಿ ಬಂದು ದಾರ್ ಎಸ್ ಸಲಾಮ್ ಹತ್ತಿರದ ಪುಗುವಿನಲ್ಲಿ ಮತ್ತೆ ಕಲಿಸಿದರು. 1954ರಲ್ಲಿ ಸ್ವಾತಂತ್ರ್ಯಕ್ಕಾಗಿ ಟಾನು ಪಕ್ಷ ಕಟ್ಟಿದರು. ಶಾಲೆಯೋ ರಾಜಕೀಯವೋ ಎಂಬ ಪ್ರಶ್ನೆ ಎದುರಾದಾಗ, 1955ರಲ್ಲಿ ಕೆಲಸ ಬಿಟ್ಟರು. ಸಂಬಳ ನಿಂತಿತು, ಮೇಷ್ಟ್ರು ಎಂಬ ಕರೆ ನಿಲ್ಲಲಿಲ್ಲ. 1961ರಲ್ಲಿ ಸ್ವಾತಂತ್ರ್ಯ ಬಂತು. 1985ರ ತನಕ ದೇಶ ಅವರ ಕೈಯಲ್ಲಿತ್ತು.

ಅಧ್ಯಕ್ಷರಾಗಿದ್ದಾಗಲೇ ಅವರು ಷೇಕ್ಸ್‌ಪಿಯರನ ನಾಟಕಗಳನ್ನು ಸ್ವಾಹಿಲಿಗೆ ತಂದರು. ವೆನಿಸಿನ ವ್ಯಾಪಾರಿಗೆ 1969ರಲ್ಲಿ ಇಟ್ಟ ಹೆಸರು 'ಮಬೆಪಾರಿ ವಾ ವೆನಿಸಿ'. ಬೆಪಾರಿ ನಮ್ಮ ವ್ಯಾಪಾರಿಯೇ, ಭಾರತದ ವರ್ತಕರ ಜೊತೆ ಕಡಲು ದಾಟಿದ್ದು. ಆದರೆ ಸ್ವಾಹಿಲಿಯಲ್ಲಿ ಅದಕ್ಕೆ ಬಂಡವಾಳಶಾಹಿ ಎಂಬ ಅರ್ಥವೂ ಬೆಳೆದಿದೆ. ಅರುಶಾ ಘೋಷಣೆಯಲ್ಲಿ ಸಮಾಜವಾದ ಸಾರಿ ಎರಡೇ ವರ್ಷವಾಗಿತ್ತು. ಒಂದೇ ಪದದಲ್ಲಿ ಪಾಠ ಹೇಳುವುದು ಮೇಷ್ಟ್ರಿಗೆ ಗೊತ್ತಿತ್ತು.

ಒಪ್ಪಿಸಿ ಕಲಿಸಬೇಕಾದ ಮೇಷ್ಟ್ರು ಬೆತ್ತ ಹಿಡಿದದ್ದೂ ಉಂಟು. ಜನ ಸ್ವಂತ ಇಚ್ಛೆಯಿಂದ ಉಜಮಾ ಹಳ್ಳಿ, ಅಂದರೆ ಕೂಡಿ ದುಡಿದು ಬಾಳುವ ಹಳ್ಳಿ, ಸೇರಬೇಕು ಎನ್ನುತ್ತಿದ್ದವರು 1973ರಲ್ಲಿ ಅದನ್ನು ಆಜ್ಞೆಯಾಗಿಸಿದರು. ಲಕ್ಷಗಟ್ಟಲೆ ಜನ ಹಳೆಯ ಮನೆ ಬಿಟ್ಟು ಏಳಬೇಕಾಯಿತು, ಕೆಲವೆಡೆ ಮನೆಗಳನ್ನು ಸುಟ್ಟರು. ಆಮೇಲೂ ಜನ ಅವರನ್ನು ಮ್ವಾಲಿಮು ಎಂದೇ ಕರೆದರು. ಆ ಕರೆಯಲ್ಲಿ ಪ್ರೀತಿ, ಭಯ, ಮುನಿಸು ಮೂರಕ್ಕೂ ಜಾಗವಿದೆ, ನಮ್ಮ 'ಮೇಷ್ಟ್ರು' ಪದದಲ್ಲಿ ಇರುವ ಹಾಗೆಯೇ.

ಆದ್ದರಿಂದ ಅದನ್ನು ಹೆಸರಿನ ನಡುವೆ ತುರುಕಬೇಡಿ. 'ಮ್ವಾಲಿಮು ನ್ಯೆರೆರೆ' ಎಂದು ಬರೆಯಿರಿ. ಕನ್ನಡದಲ್ಲೇ ಬೇಕೆಂದರೆ, ನ್ಯೆರೆರೆ ಮೇಷ್ಟ್ರು.