ಹಂದಿಗೂಡಿಗೆ ಟಾರ್ಪಾಲು ಬಿಗಿಯುವ ಮುನ್ನ

ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಕೊಡಗಿನ ಹಂದಿಗೂಡುಗಳ ಸುತ್ತ ಟಾರ್ಪಾಲು ಇಳಿಯುತ್ತದೆ. ಇಳಿಯಲಿ, ಇರಿಚಲು ತಡೆಯಲೇಬೇಕು. ಆದರೆ ನೆಲದಿಂದ ಮಾಡಿನವರೆಗೆ ಬೆರಳು ತೂರದ ಹಾಗೆ ಬಿಗಿದು ಕಟ್ಟುತ್ತಾರಲ್ಲ, ನನ್ನ ತಕರಾರು ಅದಕ್ಕೆ. ಕೆಲವೇ ವಾರಗಳಲ್ಲಿ ಫೋನ್ ಬರುತ್ತದೆ: “ಡಾಕ್ಟರೇ, ಹಂದಿಗಳಿಗೆಲ್ಲ ಕೆಮ್ಮು. ಚಳಿ ತಾಗಿರಬೇಕು, ಇಂಜೆಕ್ಷನ್ ಕೊಡಿ.” ಹೋಗಿ ಬಾಗಿಲು ತೆಗೆದರೆ ನನ್ನ ಕಣ್ಣೇ ಉರಿಯುತ್ತದೆ.

ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಮಾತು ಇದೊಂದೇ: ಮಲಗಿದ ಹಂದಿಯ ಮೈಮೇಲೆ ಗಾಳಿ ಬೀಸುವುದು ಬೇರೆ, ಗೂಡಿನೊಳಗಿನ ಗಾಳಿ ಬದಲಾಗುವುದು ಬೇರೆ. ಮೊದಲನೆಯದನ್ನು ತಡೆಯಿರಿ, ಎರಡನೆಯದಕ್ಕೆ ಅಡ್ಡ ಬರಬೇಡಿ. ಹಂದಿ ಮಲಗುವ ಮಟ್ಟದಲ್ಲಿ ಮೂರಡಿಯ ಗಟ್ಟಿ ಗೋಡೆ ಇದ್ದರೆ ಶೀತಗಾಳಿ ಅದಕ್ಕೆ ತಾಗುವುದಿಲ್ಲ. ಅದರ ಉಸಿರಿನ ತೇವ, ಮೈಯ ಬಿಸಿ, ಮೂತ್ರದ ಘಾಟು ಎಲ್ಲವೂ ಬಿಸಿಗಾಳಿಯ ಜೊತೆ ಮೇಲೇರುತ್ತವೆ. ಮೇಲೆ, ಮಾಡಿನ ಅಂಚಿನಡಿ ಉದ್ದಕ್ಕೂ ಒಂದಡಿ ತೆರವಿದ್ದರೆ ಹೊರಗೆ ಹೋಗುತ್ತವೆ. ಆದ್ದರಿಂದ ಟಾರ್ಪಾಲನ್ನು ಮಾಡಿನಿಂದ ಇಳಿಬಿಡಬೇಡಿ. ಕೆಳಗಿನ ಅಂಚನ್ನು ಗೋಡೆಗೆ ಬಿಗಿದು, ಹಗ್ಗದಿಂದ ಮೇಲಕ್ಕೆ ಎಳೆಯುವ ಹಾಗೆ ಮಾಡಿ. ಎಷ್ಟೇ ಎಳೆದರೂ ತೆರವು ಉಳಿಯುವುದು ಮೇಲೆಯೇ. ಅಲ್ಲಿಂದ ಮಳೆ ಒಳಗೆ ಬರುತ್ತದೆ ಎನ್ನುವವರು ಮಾಡನ್ನು ಇನ್ನೆರಡು ಅಡಿ ಹೊರಚಾಚಿಸಲಿ.

ಘಾಟು ಬರೀ ವಾಸನೆಯ ಮಾತಲ್ಲ. ಮೂತ್ರದ ಯೂರಿಯಾ ಮಲದಲ್ಲಿರುವ ಬ್ಯಾಕ್ಟೀರಿಯಾದ ಜೊತೆ ಸೇರಿದರೆ ಅಮೋನಿಯಾ ಹುಟ್ಟುತ್ತದೆ. ಶ್ವಾಸನಾಳದ ಒಳಮೈಯಲ್ಲಿ ಕಣ್ಣಿಗೆ ಕಾಣದ ರೋಮಗಳಿವೆ. ದೂಳು, ರೋಗಾಣುಗಳನ್ನು ಲೋಳೆಯ ಸಮೇತ ಕಸಬರಿಗೆಯಂತೆ ಮೇಲಕ್ಕೆ ಗುಡಿಸುವುದು ಅವುಗಳ ಕೆಲಸ. ಅಮೋನಿಯಾ ಆ ರೋಮಗಳನ್ನು ಕುಂದಿಸುತ್ತದೆ. ಹಂದಿಯ ನಿತ್ಯದ ಒಣಕೆಮ್ಮಿಗೆ ಮುಖ್ಯ ಕಾರಣವಾದ ಮೈಕೋಪ್ಲಾಸ್ಮಾ ಹಯೋನ್ಯುಮೋನಿಯೆ ಎಂಬ ಬ್ಯಾಕ್ಟೀರಿಯಾ ಅಂಟಿಕೊಳ್ಳುವುದೂ ಅದೇ ರೋಮಗಳಿಗೆ. ದಾರಿ ಸುಗಮವಾದ ಮೇಲೆ ಪಾಸ್ಚುರೆಲ್ಲಾದಂಥ ಬೇರೆ ಬ್ಯಾಕ್ಟೀರಿಯಾಗಳು ಶ್ವಾಸಕೋಶಕ್ಕೆ ಇಳಿಯುತ್ತವೆ. ರೋಗಾಣು ಹಲವು ಗೂಡುಗಳಲ್ಲಿ ಇದ್ದೇ ಇರುತ್ತದೆ. ಅದು ಅಲ್ಲೊಂದು ಇಲ್ಲೊಂದು ಕೆಮ್ಮಿಗೆ ನಿಲ್ಲುವುದೋ, ಇಡೀ ಗೂಡನ್ನು ಹಿಡಿಯುವುದೋ ಎಂಬುದರಲ್ಲಿ ಗಾಳಿಯ ಪಾಲು ದೊಡ್ಡದು.

ಅಮೋನಿಯಾ ಗಾಳಿಯ ಹತ್ತು ಲಕ್ಷ ಭಾಗಕ್ಕೆ 25 ಭಾಗ ಮೀರಬಾರದು ಎಂಬುದು ಸಾಮಾನ್ಯ ಮಿತಿ. 10ರ ಒಳಗಿದ್ದರೆ ಒಳ್ಳೆಯದು. ಅಳೆಯಲು ನಿಮ್ಮ ಮೂಗನ್ನು ನಂಬಬೇಡಿ, ದಿನವೂ ಒಳಗೆ ಓಡಾಡುವ ಮೂಗಿಗೆ ಘಾಟು ತಿಳಿಯುವುದು ನಿಂತಿರುತ್ತದೆ. ಹೊರಗಿನವರೊಬ್ಬರನ್ನು ಕರೆದು, ನಿಂತಲ್ಲಿ ಅಲ್ಲ, ಹಂದಿಯ ಮೂತಿಯ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂರಿಸಿ ಕೇಳಿ.

ಸೋಮವಾರಪೇಟೆಯ ಕಡೆ ಒಬ್ಬ ಹಿರಿಯ ಹೆಂಗಸು, “ನಮಗೇ ಎರಡು ಕಂಬಳಿ ಬೇಕು, ಪಾಪ ಅವಕ್ಕೆ ಬೇಡವೇ?” ಎಂದು ನನ್ನನ್ನೇ ಗದರಿಸಿದ್ದರು. ಆ ಪ್ರೀತಿಗೆ ಏನು ಹೇಳುವುದು! ಅವರ ಟಾರ್ಪಾಲಿನ ಒಳಮೈ ಮೇಲಿನಿಂದ ಕೆಳಗಿನವರೆಗೆ ಹನಿಗಟ್ಟಿತ್ತು. ಜಿಂಕ್ ಶೀಟಿನಿಂದ ಒಂದೊಂದೇ ಹನಿ ಹಂದಿಗಳ ಬೆನ್ನಿಗೆ ತೊಟ್ಟಿಕ್ಕುತ್ತಿತ್ತು. “ಅಕ್ಕಾ, ಇದು ಮಳೆ ನೀರಲ್ಲ, ಅವುಗಳದೇ ಉಸಿರು” ಎಂದೆ. ಒದ್ದೆ ಮೈಗೆ ಚಳಿ ಇನ್ನೂ ಹೆಚ್ಚು. ಬೆಚ್ಚಗಿರಲೆಂದು ಮುಚ್ಚಿದ ಗೂಡೇ ಅವನ್ನು ನಡುಗಿಸುತ್ತಿತ್ತು. ಮೇಲಿನ ಅಂಚು ಬಿಚ್ಚಿಸಿ, ಮಲಗುವ ಜಾಗಕ್ಕೆ ಒಣ ಭತ್ತದ ಹುಲ್ಲು ಹಾಸಿಸಿದೆ. ಮಳೆಗಾಲದಲ್ಲಿ ದಿನಕ್ಕೆರಡು ಬಾರಿ ಪೈಪು ಹಿಡಿದು ತೊಳೆಯುವ ಬದಲು ಮೊದಲು ಮಲವನ್ನು ಕೆರೆದು ಎತ್ತಲು ಹೇಳಿದೆ. ಕೆಮ್ಮು ಮರುದಿನವೇ ನಿಲ್ಲಲಿಲ್ಲ, ವಾರಗಳೇ ಹಿಡಿದವು. ಅಷ್ಟರಲ್ಲಿ ಸೊರಗಿದ್ದ ಒಂದೆರಡು ಹಂದಿಗಳು ಕೊನೆಗೂ ಮೈ ತುಂಬಿಕೊಳ್ಳಲಿಲ್ಲ.

ಆಗತಾನೇ ಹುಟ್ಟಿದ ಮರಿಗಳ ಲೆಕ್ಕ ಬೇರೆ. ಅವಕ್ಕೆ 32ರಿಂದ 34 ಡಿಗ್ರಿ ಬಿಸಿ ಬೇಕು. ಅದನ್ನು ಮೂಲೆಯ ಪೆಟ್ಟಿಗೆಯಲ್ಲಿ ಬಲ್ಬು ಹಾಕಿ ಕೊಡಿ, ಅವುಗಳ ಹೆಸರಿನಲ್ಲಿ ಇಡೀ ಗೂಡು ಮುಚ್ಚಬೇಡಿ. ಉಳಿದವಕ್ಕೆ ಚಳಿಯೋ ಅಲ್ಲವೋ ಎಂಬುದನ್ನು ಅವು ಮಲಗುವ ರೀತಿಯೇ ಹೇಳುತ್ತದೆ: ಒಂದರ ಮೇಲೊಂದು ಬಿದ್ದಿದ್ದರೆ ಚಳಿ, ಪಕ್ಕ ಪಕ್ಕ ಕಾಲು ಚಾಚಿದ್ದರೆ ಹಿತ.

ಇಷ್ಟು ಬರೆದೆನೆಂದು ಎಲ್ಲ ಕೆಮ್ಮನ್ನೂ ಟಾರ್ಪಾಲಿನ ತಲೆಗೆ ಕಟ್ಟಬೇಡಿ. ಜಂತುಹುಳದಿಂದಲೂ ಕೆಮ್ಮು ಬರುತ್ತದೆ, ನೋಡದೆ ನಾನು ಏನನ್ನೂ ಖಚಿತವಾಗಿ ಹೇಳಲಾರೆ. ಮುಖ್ಯವಾಗಿ, ಹಂದಿ ಮೇವು ಬಿಟ್ಟು ಜ್ವರದಿಂದ ಮಲಗಿದರೆ, ಕಿವಿ ಅಥವಾ ಹೊಟ್ಟೆಯ ಚರ್ಮ ಕೆಂಪು-ನೀಲಿಗೆ ತಿರುಗಿದರೆ, ಅದು ಹಂದಿಜ್ವರವೂ (ಕ್ಲಾಸಿಕಲ್ ಸ್ವೈನ್ ಫೀವರ್) ಇರಬಹುದು, ಆಫ್ರಿಕನ್ ಹಂದಿಜ್ವರವೂ ಇರಬಹುದು. ಆಗ ಮೆಡಿಕಲ್ ಅಂಗಡಿಯಿಂದ ಇಂಜೆಕ್ಷನ್ ತಂದು ಚುಚ್ಚಬೇಡಿ, ಉಳಿದ ಹಂದಿಗಳನ್ನು ಅವಸರದಲ್ಲಿ ಮಾರಲೂಬೇಡಿ. ಅದೇ ದಿನ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ, ವೈದ್ಯರು ಬರುವವರೆಗೆ ಪಕ್ಕದ ಗೂಡಿನವರನ್ನು ಒಳಗೆ ಬಿಡಬೇಡಿ.