ವಯಸ್ಸು ಎಣಿಸಿ, ಆಮೇಲೆ ಚಾರ್ಟ್ ತೆರೆಯಿರಿ: ಮಕ್ಕಳ ಬೆಳವಣಿಗೆಯ ತೊಂದರೆ ಗುರುತಿಸುವ ಬಗ್ಗೆ ನನ್ನ ಟಿಪ್ಪಣಿ

ಈ ಪಾಠ ಪುಸ್ತಕದಲ್ಲಿ ಓದಿದಾಗ ಸುಲಭ ಅನ್ನಿಸಿತ್ತು. ಪೋಸ್ಟಿಂಗ್‌ಗೆ, ಅಂದರೆ ಪ್ರಾಯೋಗಿಕ ತರಬೇತಿಗೆ ಹೋಗಿ ಎದುರಿಗೆ ನಿಜವಾದ ಮಗು, ಅದರ ಅಮ್ಮ, ಅಜ್ಜಿ ಬಂದು ಕೂತಾಗ ಕೈ ತಡವರಿಸಿತು. ಎಲ್ಲಿ ತಪ್ಪಿದೆ ಅನ್ನುವುದು ಇನ್ನೂ ಚೆನ್ನಾಗಿ ನೆನಪಿದೆ, ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಪರೀಕ್ಷೆಗೆ ಓದುತ್ತಿರುವ ನಿಮಗೂ ಉಪಯೋಗಕ್ಕೆ ಬರಲಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸ್ಕ್ರೀನಿಂಗ್ ಅಂದರೆ ಜರಡಿ ಹಿಡಿಯುವುದು. ಯಾವ ಮಗುವನ್ನು ಇನ್ನಷ್ಟು ಗಮನಿಸಿ ನೋಡಬೇಕು ಅನ್ನುವುದಷ್ಟೇ ಅದರಿಂದ ಗೊತ್ತಾಗುತ್ತದೆ. ತೊಂದರೆ ಏನು, ಎಷ್ಟು, ಯಾಕೆ ಅನ್ನುವುದು ಅಸೆಸ್‌ಮೆಂಟ್‌ನ ಕೆಲಸ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ತಂಡ ಬಂದು ನೋಡುತ್ತದಲ್ಲ, ಅದು ಜರಡಿ. ಅಲ್ಲಿ ಸಿಕ್ಕ ಮಕ್ಕಳು ಜಿಲ್ಲೆಯ ಆರಂಭಿಕ ಚಿಕಿತ್ಸಾ ಕೇಂದ್ರಕ್ಕೆ ಬಂದಾಗ ನಡೆಯುವುದು ಅಸೆಸ್‌ಮೆಂಟ್. ಇದು ನಿಮಗೆ ಗೊತ್ತಿರುತ್ತದೆ, ಮುಂದಕ್ಕೆ ಹೋಗೋಣ.

ನಾನು ಎಡವಿದ ಜಾಗ: ವಯಸ್ಸು

ನನ್ನ ಹತ್ತಿರ ಬಂದ ಮಗು ಇನ್ನೂ ನಡೆಯುತ್ತಿರಲಿಲ್ಲ. ಗೋಡೆ ಹಿಡಿದು ನಿಲ್ಲುತ್ತಿತ್ತು, ಎರಡೂ ಕೈ ಹಿಡಿದರೆ ಹೆಜ್ಜೆ ಹಾಕುತ್ತಿತ್ತು. ದಿನ ತುಂಬುವ ಮೊದಲೇ, 30 ವಾರಕ್ಕೆ ಹುಟ್ಟಿದ ಮಗು. ಲೆಕ್ಕಕ್ಕೆ ಸುಲಭವಾಗಲಿ ಅಂತ ತಾರೀಖುಗಳನ್ನು ಬದಲಿಸಿ ಕೊಡುತ್ತೇನೆ. ಹುಟ್ಟಿದ್ದು 2022ರ ಅಕ್ಟೋಬರ್ 25, ನೋಡಿದ ದಿನ 2024ರ ಜೂನ್ 10.

ಮೊದಲು ಹುಟ್ಟಿದ ದಿನದಿಂದ ವಯಸ್ಸು. ವರ್ಷ, ತಿಂಗಳು, ದಿನ ಅಂತ ಬರೆದು ಕಳೆಯಿರಿ. 10ರಲ್ಲಿ 25 ಹೋಗಲ್ಲ. ಒಂದು ತಿಂಗಳು ಸಾಲ ತಂದರೆ 40 ಆಗುತ್ತದೆ, 25 ಕಳೆದರೆ 15 ದಿನ. ಜೂನ್ ಈಗ 5 ಆಯಿತು. 5ರಲ್ಲಿ 10 ಹೋಗಲ್ಲ. ಒಂದು ವರ್ಷ ಸಾಲ ತಂದರೆ 17, ಅದರಲ್ಲಿ 10 ಹೋದರೆ 7 ತಿಂಗಳು. 2023ರಲ್ಲಿ 2022 ಹೋದರೆ 1 ವರ್ಷ. ಒಟ್ಟು 1 ವರ್ಷ 7 ತಿಂಗಳು 15 ದಿನ, ಅಂದರೆ 19 ತಿಂಗಳು 15 ದಿನ.

ಇಲ್ಲಿಯವರೆಗೆ ಸರಿಯಾಗಿಯೇ ಮಾಡಿದೆ. ಮುಂದೆ ಕರೆಕ್ಟೆಡ್ ವಯಸ್ಸು ತೆಗೆಯಬೇಕು. ಮಗು ಎಷ್ಟು ವಾರ ಬೇಗ ಬಂತೋ ಅಷ್ಟನ್ನು ಕಳೆಯಬೇಕು. ನಾನು 37ರಿಂದ 30 ಕಳೆದು 7 ವಾರ ಅಂತ ಬರೆದೆ. ಯಾಕೆ 37? 37 ವಾರ ತುಂಬುವ ಮೊದಲು ಹುಟ್ಟಿದ ಮಗುವನ್ನು ಅವಧಿಪೂರ್ವ ಅನ್ನುತ್ತೇವೆ ಅಂತ ಓದಿ ಓದಿ ಆ ಸಂಖ್ಯೆ ತಲೆಯಲ್ಲಿ ಕೂತುಬಿಟ್ಟಿತ್ತು. ಆದರೆ ಕಳೆಯಬೇಕಾದದ್ದು 40ರಿಂದ. 37 ಅನ್ನುವುದು ಹೆಸರಿಡುವ ಗಡಿ. 40 ಅನ್ನುವುದು ಮಗು ಹುಟ್ಟಬೇಕಾಗಿದ್ದ ದಿನ. ಈ ಎರಡನ್ನೂ ಬೇರೆ ಬೇರೆ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ. ಮಗು ಅವಧಿಪೂರ್ವವೋ ಅಲ್ಲವೋ ಅಂತ ಕೇಳಿದರೆ 37. ಎಷ್ಟು ಬೇಗ ಬಂತು ಅಂತ ಕೇಳಿದರೆ 40.

ಮೂರು ವಾರದ ವ್ಯತ್ಯಾಸ ತಾನೇ ಅನ್ನಿಸಬಹುದು. ಏನಾಗುತ್ತೆ ನೋಡಿ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಳತೆಯ ಪ್ರಕಾರ ಆರೋಗ್ಯವಂತ ಮಕ್ಕಳು ಆಸರೆ ಇಲ್ಲದೆ ನಡೆಯಲು ಶುರು ಮಾಡುವುದು 8.2 ತಿಂಗಳಿಂದ 17.6 ತಿಂಗಳ ನಡುವೆ. ಈ .6 ಅಂದರೆ 6 ದಿನ ಅಲ್ಲ, ತಿಂಗಳಿನ ಹತ್ತರಲ್ಲಿ ಆರು ಪಾಲು, ಅಂದರೆ 18 ದಿನ. ಹಾಗಾಗಿ ಕೊನೆಯ ಗಡಿ 17 ತಿಂಗಳು 18 ದಿನ.

ನನ್ನ ತಪ್ಪು ಲೆಕ್ಕ: 7 ವಾರ ಅಂದರೆ 49 ದಿನ, 1 ತಿಂಗಳು 19 ದಿನ. 19 ತಿಂಗಳು 15 ದಿನದಲ್ಲಿ ಅದನ್ನು ಕಳೆದರೆ 17 ತಿಂಗಳು 26 ದಿನ. ಗಡಿ ದಾಟಿತು.

ಸರಿಯಾದ ಲೆಕ್ಕ: 10 ವಾರ ಅಂದರೆ 70 ದಿನ, 2 ತಿಂಗಳು 10 ದಿನ. ಕಳೆದರೆ 17 ತಿಂಗಳು 5 ದಿನ. ಗಡಿಯ ಒಳಗೇ ಇದೆ.

ಅದೇ ಮಗು, ಅದೇ ಕಾಲು. ನಾನು ಅಮ್ಮನಿಗೆ ಹೇಳುವ ಮಾತು ಮಾತ್ರ ಬದಲಾಗುತ್ತದೆ. ನಮ್ಮ ಮೇಡಂ ಸರಿಪಡಿಸುವ ಮೊದಲು ಆ ಅಮ್ಮ ನನ್ನ ಮುಖವನ್ನೇ ನೋಡುತ್ತಾ ಕೂತಿದ್ದರು. ಅದು ಮನಸ್ಸಿನಿಂದ ಹೋಗುತ್ತಿಲ್ಲ. ಹಾಗಂತ ಆ ಮಗುವನ್ನು ಬಿಟ್ಟುಬಿಡುವುದಿಲ್ಲ. 30 ವಾರಕ್ಕೆ ಹುಟ್ಟಿದ ಮಗುವಿಗೆ ತೊಂದರೆಯ ಸಾಧ್ಯತೆ ಹೇಗೂ ಜಾಸ್ತಿ, ಮತ್ತೆ ಬರಲು ಹೇಳಿ ನೋಡುತ್ತಿರಬೇಕು.

ಇನ್ನೊಂದು ತೊಡಕು ಇದೆ. ಮನೆಯವರು ವಾರದಲ್ಲಿ ಹೇಳಲ್ಲ. "ಏಳು ತಿಂಗಳಿಗೆ ಹುಟ್ಟಿದ್ದು" ಅನ್ನುತ್ತಾರೆ. ಏಳು ತುಂಬಿತ್ತಾ, ಏಳರಲ್ಲಿ ನಡೀತಿತ್ತಾ? ನಾಲ್ಕು ವಾರದ ವ್ಯತ್ಯಾಸ ಅಲ್ಲೇ ಬಂತು. ಅದಕ್ಕೆ ತಾಯಿ ಕಾರ್ಡ್ ಕೇಳಿ. ಅದರಲ್ಲಿ ಹೆರಿಗೆಗೆ ಕೊಟ್ಟ ಡೇಟ್ ಬರೆದಿರುತ್ತದೆ. ನನಗೆ ತುಂಬಾ ಇಷ್ಟವಾದ ಅಡ್ಡದಾರಿ ಇದೇ: ವಾರದ ಲೆಕ್ಕ ಬಿಡಿ, ಡ್ಯೂ ಡೇಟನ್ನೇ ಹುಟ್ಟಿದ ದಿನ ಅಂದುಕೊಂಡು ವಯಸ್ಸು ಎಣಿಸಿ. ಈ ಮಗುವಿಗೆ ಡ್ಯೂ ಡೇಟ್ 2023ರ ಜನವರಿ 3. ಜೂನ್ 10ಕ್ಕೆ 17 ತಿಂಗಳು 7 ದಿನ. ಮೊದಲಿನ ಉತ್ತರಕ್ಕೂ ಇದಕ್ಕೂ ಎರಡು ದಿನ ಹೆಚ್ಚು ಕಡಿಮೆ, ಎಲ್ಲ ತಿಂಗಳನ್ನೂ 30 ದಿನ ಅಂತ ಹಿಡಿದಿದ್ದರಿಂದ. ಅಷ್ಟು ಪರವಾಗಿಲ್ಲ. 37ರ ಗೊಂದಲ ಇದರಲ್ಲಿ ಬರುವುದೇ ಇಲ್ಲ.

ಕರೆಕ್ಟೆಡ್ ವಯಸ್ಸನ್ನು ಸಾಮಾನ್ಯವಾಗಿ 2 ವರ್ಷ ತುಂಬುವವರೆಗೆ ಬಳಸುತ್ತಾರೆ. ಲಸಿಕೆಗೆ ಮಾತ್ರ ಹುಟ್ಟಿದ ದಿನದ ವಯಸ್ಸೇ. ಇದನ್ನು ಅದಕ್ಕೆ ಸೇರಿಸಬೇಡಿ.

ಚಾರ್ಟಿನ ಮೇಲೆ ಪೆನ್ಸಿಲ್ ಗೆರೆ

ನಮ್ಮಲ್ಲಿ 2 ವರ್ಷದೊಳಗಿನ ಮಕ್ಕಳಿಗೆ ಬಳಸುವುದು ತಿರುವನಂತಪುರದ ಚೈಲ್ಡ್ ಡೆವಲಪ್‌ಮೆಂಟ್ ಸೆಂಟರ್‌ನಲ್ಲಿ ರೂಪಿಸಿದ ಚಾರ್ಟ್. 17 ಅಂಶಗಳಿವೆ. ನಗುವುದು, ಕತ್ತು ನಿಲ್ಲುವುದು, ಬೋರಲು ಬೀಳುವುದು, ವಸ್ತುವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸುವುದು, ಗೊಂಬೆಯ ಕಣ್ಣು ಮೂಗು ತೋರಿಸುವುದು, ಹೀಗೆ. ಒಂದೊಂದಕ್ಕೂ ಒಂದು ಅಡ್ಡ ಪಟ್ಟಿ. ಮಗುವಿನ ವಯಸ್ಸಿನ ಜಾಗದಲ್ಲಿ ಪೆನ್ಸಿಲ್ ಇಟ್ಟು ಮೇಲಿಂದ ಕೆಳಗೆ ಗೆರೆ ಎಳೆಯಬೇಕು.

ಗೆರೆ ತಾಗಿದ ಪಟ್ಟಿಗಳೆಲ್ಲ ಆಗಿರಲೇಬೇಕು ಅಂತ ನಮ್ಮ ಬ್ಯಾಚ್‌ನಲ್ಲಿ ತುಂಬಾ ಜನ ತಿಳಿದಿದ್ದೆವು. ಅದು ತಪ್ಪು. ನೂರು ಮಕ್ಕಳನ್ನು ನೆನಪಿಸಿಕೊಳ್ಳಿ. ಪಟ್ಟಿಯ ಎಡ ತುದಿ ಅಂದರೆ ಮೊದಲ 3 ಮಕ್ಕಳು ಆ ಕೆಲಸ ಕಲಿತ ವಯಸ್ಸು. ಬಲ ತುದಿ ಅಂದರೆ 97 ಮಕ್ಕಳು ಕಲಿತು ಮುಗಿಸಿದ ವಯಸ್ಸು. ಗೆರೆ ಪಟ್ಟಿಯ ಮಧ್ಯದಲ್ಲಿ ಹಾದು ಹೋದರೆ ಮಗುವಿಗೆ ಇನ್ನೂ ಸಮಯ ಇದೆ. ಪೂರ್ತಿ ಪಟ್ಟಿ ಗೆರೆಯ ಎಡಕ್ಕೆ ಬಿದ್ದಿದ್ದು, ಆ ಕೆಲಸ ಮಗುವಿಗೆ ಇನ್ನೂ ಬಂದಿಲ್ಲ ಅಂದರೆ ಅದು ತಡ.

ಗೆರೆ ಎಳೆಯುವುದು ಕರೆಕ್ಟೆಡ್ ವಯಸ್ಸಿನಲ್ಲಿ. ಅದಕ್ಕೇ ಮೇಲೆ ಅಷ್ಟು ಉದ್ದ ಬರೆದದ್ದು.

ತಡ ಒಂದೇ ಅಲ್ಲ, ವಿಚಿತ್ರ ರೀತಿಯನ್ನೂ ನೋಡಬೇಕು. ವರ್ಷ ತುಂಬುವ ಮೊದಲೇ ಒಂದೇ ಕೈ ಬಳಸುವ ಮಗುವನ್ನು "ಎಡಚ" ಅಂತ ಮನೆಯವರು ಮುದ್ದು ಮಾಡಬಹುದು. ಅದು ಇನ್ನೊಂದು ಕೈಯಲ್ಲಿ ಶಕ್ತಿ ಕಡಿಮೆ ಇರುವ ಸೂಚನೆ ಆಗಿರಬಹುದು. ಮುಂಚೆ ಬರುತ್ತಿದ್ದ ಮಾತು, ಆಟ ಹೊರಟು ಹೋದರೆ ಯಾವ ವಯಸ್ಸಿನಲ್ಲೂ ತಕ್ಷಣ ಅಸೆಸ್‌ಮೆಂಟ್‌ಗೆ ಕಳಿಸಬೇಕು. ಇವೆರಡಕ್ಕೂ ಬೇಗ ಹುಟ್ಟಿದ್ದನ್ನು ಕಾರಣವಾಗಿ ಕೊಟ್ಟು ಕಾಯಿಸುವ ಹಾಗಿಲ್ಲ.

"ಬೊಟ್ಟು ಮಾಡಿ ತೋರಿಸ್ತಾನಾ?"

ಆಟಿಸಂ ಜರಡಿಗೆ ಎಂ-ಚಾಟ್-ಆರ್, ಅಂದರೆ ಮನೆಯವರನ್ನು ಕೇಳುವ ಒಂದು ಪ್ರಶ್ನಾವಳಿ. 16ರಿಂದ 30 ತಿಂಗಳ ಮಕ್ಕಳಿಗೆ, 20 ಪ್ರಶ್ನೆ, ಹೌದು ಅಥವಾ ಇಲ್ಲ. ಒಟ್ಟು ಅಂಕ 0ಯಿಂದ 2 ಬಂದರೆ ಅಪಾಯ ಕಡಿಮೆ. 3ರಿಂದ 7 ಬಂದರೆ ಅಂಕ ಬಿದ್ದ ಪ್ರಶ್ನೆಗಳನ್ನು ಮತ್ತೆ ಬಿಡಿಸಿ ಕೇಳಬೇಕು. 8 ಅಥವಾ ಮೇಲೆ ಬಂದರೆ ನೇರ ಅಸೆಸ್‌ಮೆಂಟ್‌ಗೆ.

ಎಲ್ಲ ಪ್ರಶ್ನೆಗೂ "ಇಲ್ಲ" ಅಂದರೆ ಒಂದು ಅಂಕ. ಮೂರಕ್ಕೆ ಮಾತ್ರ ಉಲ್ಟಾ, "ಹೌದು" ಅಂದರೆ ಅಂಕ. 2, 5, 12. ನಾನು ನೆನಪಿಟ್ಟುಕೊಂಡದ್ದು ಹೀಗೆ: ಕಿವಿ ಎರಡು, ಬೆರಳು ಐದು, ಗಡಿಯಾರ ಹನ್ನೆರಡು ಹೊಡೆಯುತ್ತದೆ. 2ನೇ ಪ್ರಶ್ನೆ ಮಗುವಿಗೆ ಕಿವಿ ಕೇಳಿಸಲ್ಲವೇನೋ ಅಂತ ಅನುಮಾನ ಬಂದಿದೆಯಾ ಅಂತ. 5 ಕಣ್ಣಿನ ಹತ್ತಿರ ಬೆರಳು ವಿಚಿತ್ರವಾಗಿ ಆಡಿಸುತ್ತದಾ ಅಂತ. 12 ದಿನನಿತ್ಯದ ಸದ್ದಿಗೆ ಹೆದರಿ ಅಳುತ್ತದಾ ಅಂತ. ಇದನ್ನು ಒಮ್ಮೆ ಬಾಯಿಪಾಠ ಮಾಡಿದರೆ ಮತ್ತೆ ತಪ್ಪಲ್ಲ.

ಅಂಕಕ್ಕಿಂತ ಕಷ್ಟ ಪ್ರಶ್ನೆ ಕೇಳುವುದು. 2 ವರ್ಷ 2 ತಿಂಗಳ ಹುಡುಗನ ಅಮ್ಮನನ್ನು ಕೇಳಿದೆ: "ಏನಾದ್ರೂ ಬೇಕಂದ್ರೆ ಬೊಟ್ಟು ಮಾಡಿ ತೋರಿಸ್ತಾನಾ ಅಕ್ಕ?" "ಹೂಂ, ತೋರಿಸ್ತಾನಲ್ಲ" ಅಂದರು. ನಾನು ಹೌದು ಅಂತ ಗುರುತು ಹಾಕಿದೆ. ಮೇಡಂ ಪೆನ್ ತಡೆದು, "ಹೆಂಗೆ ತೋರಿಸ್ತಾನೆ, ಒಂಚೂರು ಮಾಡಿ ತೋರಿಸಮ್ಮ" ಅಂದರು. ಆ ಅಮ್ಮ ಮೇಡಂ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ, ಅವರ ಅಂಗೈಯನ್ನು ನೀರಿನ ಬಾಟಲ್ ಮೇಲೆ ಇಟ್ಟರು. ಮುಖ ನೋಡಲಿಲ್ಲ. "ಹಿಂಗೇ ಮಾಡ್ತಾನೆ" ಅಂದರು.

ಅದು ಬೊಟ್ಟು ಮಾಡುವುದಲ್ಲ. ಬೇರೆಯವರ ಕೈಯನ್ನು ಸೌಟಿನ ಹಾಗೆ ಬಳಸುವುದು. ಅಮ್ಮ ಸುಳ್ಳು ಹೇಳಿರಲಿಲ್ಲ, ನನ್ನ ಪ್ರಶ್ನೆ ಸಡಿಲವಾಗಿತ್ತು. ಅಂದಿನಿಂದ "ಮಾಡ್ತಾನಾ" ಅಂತ ಕೇಳಿದ ಮೇಲೆ "ಹೇಗೆ ಮಾಡ್ತಾನೆ, ಮಾಡಿ ತೋರಿಸಿ" ಅಂತ ತಪ್ಪದೆ ಕೇಳುತ್ತೇನೆ.

ಬೊಟ್ಟಿನಲ್ಲೂ ಎರಡು ಬಗೆ. ಬಿಸ್ಕತ್ ಬೇಕು ಅಂತ ತೋರಿಸುವುದು ಒಂದು. ಚಂದಮಾಮನನ್ನೋ ರಸ್ತೆಯಲ್ಲಿ ಹೋಗುವ ಎಮ್ಮೆಯನ್ನೋ ತೋರಿಸಿ, ತಿರುಗಿ ನಿಮ್ಮ ಮುಖ ನೋಡುವುದು ಇನ್ನೊಂದು. ಎರಡನೆಯದರಲ್ಲಿ ಮಗುವಿಗೆ ಏನೂ ಬೇಕಿಲ್ಲ, ನೀವೂ ನೋಡಿ ಅನ್ನುತ್ತಿದೆ ಅಷ್ಟೇ. ಎಂ-ಚಾಟ್‌ನಲ್ಲಿ ಇವು ಬೇರೆ ಬೇರೆ ಪ್ರಶ್ನೆ, 6 ಮತ್ತು 7. ಸೇರಿಸಿ ಕೇಳಬೇಡಿ.

ಮಾತು

16 ತಿಂಗಳಿಗೆ ಒಂದು ಪದವೂ ಇಲ್ಲ, 24 ತಿಂಗಳಿಗೆ ತಾನಾಗಿ ಎರಡು ಪದ ಸೇರಿಸಲ್ಲ ಅಂದರೆ ಕಳಿಸಬೇಕು. "ತಾನಾಗಿ" ಅನ್ನುವುದಕ್ಕೆ ಅಡಿಗೆರೆ ಹಾಕಿಕೊಳ್ಳಿ. ಬಾಯಾರಿದ ಮಗು "ನೀರು ಬೇಕಾ?" ಅಂತ ಹೇಳಿ ಬಾಟಲ್ ನೋಡುತ್ತದೆ. ಎರಡು ಪದ ಬಂತಲ್ಲ ಅಂತ ಬರೆದುಬಿಡುತ್ತೇವೆ. ಆದರೆ ಅದು "ಬೇಕು" ಅನ್ನಬೇಕಿತ್ತು. ಅಮ್ಮ ದಿನಾ ಕೇಳುವ ಪ್ರಶ್ನೆಯನ್ನೇ ಅದೇ ರಾಗದಲ್ಲಿ ವಾಪಸ್ ಕೊಡುತ್ತಿದೆ. ಕನ್ನಡದಲ್ಲಿ ಆ ಒಂದು "ಆ"ಕಾರದಲ್ಲೇ ಎಲ್ಲ ಗೊತ್ತಾಗುತ್ತದೆ, ಕಿವಿಗೊಟ್ಟು ಕೇಳಿ. ಮಾತು ಕಲಿಯುವ ಎಲ್ಲ ಮಕ್ಕಳೂ ಸ್ವಲ್ಪ ದಿನ ಹೀಗೆ ಅನುಕರಿಸುತ್ತವೆ. ಅದೇ ಉಳಿದುಕೊಂಡು, ಸ್ವಂತ ಮಾತು ಬರದಿದ್ದರೆ ಬರೆದುಕೊಳ್ಳಬೇಕು.

ಮನೆಯಲ್ಲಿ ಕನ್ನಡ, ಪಕ್ಕದಲ್ಲಿ ತೆಲುಗು, ಅದಕ್ಕೇ ಮಾತು ತಡ ಅಂತ ಹೇಳುವವರು ಜಾಸ್ತಿ. ಎರಡು ಭಾಷೆ ಕೇಳುವುದರಿಂದ ತೊಂದರೆ ಹುಟ್ಟುವುದಿಲ್ಲ. ಪದ ಎಣಿಸುವಾಗ ಎಲ್ಲ ಭಾಷೆಯದ್ದೂ ಕೂಡಿಸಿ ಎಣಿಸಿ. "ಗಂಡು ಮಕ್ಕಳು ನಿಧಾನ, ಇವರಪ್ಪನೂ ಹಿಂಗೇ ಇದ್ದ" ಅಂತ ಅಜ್ಜಿ ಹೇಳಿದರೆ ಅವರ ಜೊತೆ ವಾದ ಬೇಡ. "ಇರಬಹುದು ಅಜ್ಜಿ, ಆದ್ರೂ ಕಿವಿ ಒಂದ್ಸಲ ನೋಡಿಸಿಬಿಡೋಣ" ಅನ್ನಿ. ಅದು ಸಮಾಧಾನದ ಮಾತಷ್ಟೇ ಅಲ್ಲ, ಕ್ರಮವೂ ಅದೇ. ಮಾತು ತಡವಾದ ಪ್ರತಿ ಮಗುವಿಗೂ ಶ್ರವಣ ಪರೀಕ್ಷೆ ಮೊದಲು. ಸದ್ದು ಮಾಡಿದರೆ ತಿರುಗಿ ನೋಡುತ್ತೆ ಅನ್ನುವುದು ಸಾಲದು, ಕೆಲವು ಸದ್ದು ಕೇಳಿ ಕೆಲವು ಕೇಳದೆಯೂ ಇರಬಹುದು.

ಉಳಿದದ್ದು ಬೇಗ

ಬೆಳವಣಿಗೆಯ ಜರಡಿಗೆ ಭಾರತ್ ರಾಜ್ ಅವರ ಡಿಎಸ್‌ಟಿ: 88 ಅಂಶ, 15 ವರ್ಷದವರೆಗೆ. ಬೆಳವಣಿಗೆಯ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸಿ 100ರಿಂದ ಗುಣಿಸಿದರೆ ಡಿಕ್ಯೂ, ಅಂದರೆ ಬೆಳವಣಿಗೆಯ ಸೂಚ್ಯಂಕ. 36 ತಿಂಗಳ ಮಗು 24 ತಿಂಗಳ ಮಟ್ಟದಲ್ಲಿದ್ದರೆ 67. ಎರಡನ್ನೂ ತಿಂಗಳಿಗೆ ತಂದೇ ಭಾಗಿಸಿ. 2 ವರ್ಷ 6 ತಿಂಗಳು ಅಂದರೆ 2.5, 2.6 ಅಲ್ಲ.

5 ವರ್ಷದೊಳಗೆ ನಡೆ, ಮಾತಿನಂತಹ ಎರಡು ಅಥವಾ ಹೆಚ್ಚು ಕ್ಷೇತ್ರದಲ್ಲಿ ಗಣನೀಯ ತಡ ಇದ್ದರೆ ಗ್ಲೋಬಲ್ ಡೆವಲಪ್‌ಮೆಂಟಲ್ ಡಿಲೇ ಅನ್ನುತ್ತಾರೆ. ಬೌದ್ಧಿಕ ಅಸಾಮರ್ಥ್ಯ ಅನ್ನಬೇಕಾದರೆ ಬುದ್ಧಿಯ ಪರೀಕ್ಷೆಯ ಜೊತೆ ದಿನನಿತ್ಯದ ಕೆಲಸ ಹೇಗೆ ನಿಭಾಯಿಸುತ್ತದೆ ಅನ್ನುವುದೂ ಬೇಕು. ಬಿನೆ ಅನ್ನುವ ಬುದ್ಧಿಯ ಪರೀಕ್ಷೆಯನ್ನು ಕನ್ನಡ, ಮರಾಠಿ ಮಾತಾಡುವ ಮಕ್ಕಳಿಗೆ ವಿ. ವಿ. ಕಾಮತ್ 1930ರ ದಶಕದಲ್ಲೇ ಹೊಂದಿಸಿದ್ದರು. ಬಿನೆ-ಕಾಮತ್ ಹೆಸರು ಬಂದಾಗ ನನಗೆ ಅದು ನಮ್ಮದು ಅನ್ನಿಸಿ ಖುಷಿಯಾಗುತ್ತದೆ. ಎಡಿಎಚ್‌ಡಿಗೆ (ಗಮನ ನಿಲ್ಲದಿರುವುದು, ಅತಿ ಚಟುವಟಿಕೆ) ಲಕ್ಷಣಗಳು 12 ವರ್ಷಕ್ಕೆ ಮೊದಲೇ ಇರಬೇಕು, ಮನೆ ಮತ್ತು ಶಾಲೆಯಂತಹ ಎರಡು ಕಡೆ ಕಾಣಬೇಕು. ಐಸಾ ಅಂದರೆ ಭಾರತದ ಆಟಿಸಂ ಅಳತೆಗೋಲು, 40 ಅಂಶ, 70ರಿಂದ 106 ಅಲ್ಪ, 107ರಿಂದ 153 ಮಧ್ಯಮ, ಅದಕ್ಕೂ ಮೇಲೆ ತೀವ್ರ.

ಒಂದು ಲೆಕ್ಕ ನಿಮಗೆ

2023ರ ಮಾರ್ಚ್ 18ರಂದು 33 ವಾರಕ್ಕೆ ಹುಟ್ಟಿದ ಮಗು. ನೋಡಿದ್ದು 2024ರ ಸೆಪ್ಟೆಂಬರ್ 5. ಒಂದು ಪದವೂ ಇಲ್ಲ. ಹೆಸರು ಕರೆದರೆ ತಿರುಗಲ್ಲ, ಟಾಟಾ ಮಾಡಲ್ಲ, ಬೊಟ್ಟು ಮಾಡಲ್ಲ. ಏನು ಮಾಡುತ್ತೀರಿ?

ಹುಟ್ಟಿದ ದಿನದಿಂದ 17 ತಿಂಗಳು 17 ದಿನ. 7 ವಾರ ಬೇಗ, ಅಂದರೆ 1 ತಿಂಗಳು 19 ದಿನ ಕಳೆಯಿರಿ. 15 ತಿಂಗಳು 28 ದಿನ. ಪದಕ್ಕೆ ಕೊಟ್ಟ 16 ತಿಂಗಳ ಗಡಿಗೆ ಇನ್ನೂ ಎರಡು ದಿನ ಇದೆ. ಆದರೆ ಟಾಟಾ, ಬೊಟ್ಟು ಮಾಡುವಂತಹ ಸನ್ನೆಗಳಿಗೆ ಗಡಿ 12 ತಿಂಗಳು. ಅದು ಕರೆಕ್ಟೆಡ್ ವಯಸ್ಸಿನಲ್ಲೂ ದಾಟಿ ಸುಮಾರು ನಾಲ್ಕು ತಿಂಗಳಾಯಿತು. ಕಿವಿ ಪರೀಕ್ಷೆಗೂ ಅಸೆಸ್‌ಮೆಂಟ್‌ಗೂ ಅವತ್ತೇ ಚೀಟಿ ಬರೆಯಬೇಕು.